ಅಪ್ಪನಿಗೆ ಓದಿ ಹೇಳಿದ ಗೇರ್‌ಬಾಕ್ಸ್ ಪುಸ್ತಕ

ವರ್ತೂರು ಕೋಡಿಯ ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು. ಆಕ್ಸಿಲರೇಟರ್ ಕೊಟ್ಟಷ್ಟೂ ಕೂಗು ಜೋರಾಯಿತೇ ಹೊರತು ಚಕ್ರ ಒಂದು ಸುತ್ತೂ ತಿರುಗಲಿಲ್ಲ. ಹಿಂದೆ ನೀರಿನ ಟ್ಯಾಂಕರ್, ಅದರ ಹಿಂದೆ ಕಂಪನಿ ಬಸ್ಸುಗಳ ಸಾಲು, ಎಲ್ಲರ ಹಾರನ್ನೂ ನನ್ನ ಬೆನ್ನಿಗೆ. ಟ್ಯಾಂಕರಿನವನು ಇಳಿದು ಬಂದು ಕಿಟಕಿ ಬಡಿದು, "ಮೇಡಂ, ಇಳ್ದು ತಳ್ಳಿ ಸೈಡಿಗಾಕಿ" ಎಂದ. ಇಳಿಯಲು ನನಗೆ ಊರುಗೋಲು ಬೇಕು, ಅವು ಹಿಂದಿನ ಸೀಟಿನಲ್ಲಿದ್ದವು. ಅವನು ಒಳಗೆ ಬಗ್ಗಿ ನೋಡಿ, ನನ್ನ ಕಾಲಿಗೆ ಕಟ್ಟಿದ್ದ ಕಬ್ಬಿಣದ ಕ್ಯಾಲಿಪರ್ ಕಂಡು, ಬೈಯಲು ತೆರೆದಿದ್ದ ಬಾಯಿ ಮುಚ್ಚಿಕೊಂಡ. ಜನ ಹಾಗೆ ಬಾಯಿ ಮುಚ್ಚಿಕೊಳ್ಳುವುದು ನನಗೆ ಬೈಗುಳಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ.

ಮಗುವಾಗಿದ್ದಾಗಲೇ ಪೋಲಿಯೊ ಎರಡೂ ಕಾಲಿನ ಬಲ ತೆಗೆದುಕೊಂಡು ಹೋಗಿತ್ತು. ಆ ಗಾಡಿಗೆ ಕ್ಲಚ್ ಇರಲಿಲ್ಲ, ಗೇರು ತಾನಾಗಿ ಬದಲಾಗುತ್ತಿತ್ತು. ಸ್ಟೀರಿಂಗ್ ಪಕ್ಕ ಒಂದು ಹಿಡಿ ಕೂರಿಸಿ, ಮುಂದಕ್ಕೆ ನೂಕಿದರೆ ಬ್ರೇಕ್, ಹಿಂದಕ್ಕೆ ಎಳೆದರೆ ಆಕ್ಸಿಲರೇಟರ್ ಎಂದು ಮಾಡಿಸಿಕೊಂಡಿದ್ದೆ. ಆಗ ನಮ್ಮಲ್ಲಿ ಆಟೊಮ್ಯಾಟಿಕ್ ಗಾಡಿಗಳೇ ಅಪರೂಪ. ನನ್ನದು ಕಂಪನಿಯವರು ಸ್ವಲ್ಪವೇ ಕಾಲ ಮಾರಿ ನಿಲ್ಲಿಸಿಬಿಟ್ಟ ಮಾಡೆಲ್ಲು, ಅದನ್ನೂ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಅದರಲ್ಲಿ ನಾನು ಪಟ್ಟಂದೂರು ಅಗ್ರಹಾರದ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದೆ. ಉಳಿದವರಿಗೆ ಅದು ಟ್ರಾಫಿಕ್ಕಿನ ಗೋಳು. ನನಗೆ ದಿನದಲ್ಲಿ ಯಾರೂ ನನ್ನನ್ನು ಮುಟ್ಟಿ ಎತ್ತದ, ಯಾರಿಗೂ ಥ್ಯಾಂಕ್ಸ್ ಹೇಳಬೇಕಿಲ್ಲದ ಹೊತ್ತು ಅದೊಂದೇ.

ಗಾಡಿಯನ್ನು ಊರಿನ ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿದ್ದಾಯಿತು. ಅಪ್ಪ ಅಂಗಳದಲ್ಲಿ ಕಾಯುತ್ತಿದ್ದ. ಅಪ್ಪ ಅರ್ಧ ಆಯಸ್ಸು ಟೆಂಪೊ ಓಡಿಸಿದವನು. ಸುತ್ತಲಿನ ಹೊಲಗಳ ಸೊಪ್ಪು, ತರಕಾರಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದ. ಹೊಲಗಳ ಮೇಲೆ ಗಾಜಿನ ಕಟ್ಟಡ ಎದ್ದ ಮೇಲೆ ಟೆಂಪೊ ಮಾರಿ, ಮನೆಯ ಹಿಂದೆ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ನನ್ನ ಗಾಡಿಯೇ ಅವನ ಕೆಲಸ. ನಾನು ಏಳುವ ಮೊದಲೇ ಬಾನೆಟ್ ಎತ್ತಿ, ನೀರು, ಎಂಜಿನ್ ಆಯಿಲ್, ಗೇರ್ ಆಯಿಲ್ ಎಲ್ಲ ನೋಡಿ, ಗಾಜು ಒರೆಸಿ ಇಟ್ಟಿರುತ್ತಿದ್ದ. ಆವತ್ತು ಗಾಡಿಯ ಸುತ್ತ ಒಂದು ಸುತ್ತು ಬಂದು, "ಬೆಳಗ್ಗೆ ಸರ್ಯಾಗೇ ಇತ್ತಲ್ಲಮ್ಮ" ಎಂದ. ನಾನು ಆಫೀಸಿಗೆ ಫೋನ್ ಮಾಡುವುದರಲ್ಲಿದ್ದೆ.

ಕಂಪನಿಯ ಸರ್ವಿಸ್ ಸೆಂಟರಿನವನು ಮನೆಗೇ ಬಂದು ನೋಡಿದ. ನೋಡಿದ ಅಂದರೆ, ಸ್ಟಾರ್ಟ್ ಮಾಡಿ ಆಫ್ ಮಾಡಿದ. ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕು, ಹೊಸದು ಬರುವುದಿಲ್ಲ, ಬಂದರೂ ಯಾವಾಗ ಎಂದು ಹೇಳಲಾಗದು ಎಂದ. ಬಿಚ್ಚಿ ರಿಪೇರಿ ಮಾಡಲಾಗದೇ ಎಂದು ಕೇಳಿದೆ. "ನಾವು ಆಟೊಮ್ಯಾಟಿಕ್ ಓಪನ್ ಮಾಡಲ್ಲ ಮೇಡಂ. ಮಾರ್ಬಿಡಿ, ಬಾಡಿ ಚೆನ್ನಾಗಿದೆ." ಹೂಡಿಯ ಗ್ಯಾರೇಜಿನವನಿಗೆ ಇನ್ನೂ ಒಳ್ಳೆಯ ಉಪಾಯ ಹೊಳೆಯಿತು. ಸಾದಾ ಗೇರ್‌ಬಾಕ್ಸ್ ಸಿಗುತ್ತದೆ, ಕ್ಲಚ್ ಪೆಡಲ್ ಕೂರಿಸಿಬಿಟ್ಟರೆ ಆಯಿತು ಎಂದು ಹುರುಪಿನಿಂದ ವಿವರಿಸುತ್ತ ಹೋದವನು, ಪೆಡಲ್ ತುಳಿಯುವ ಮಾತಿಗೆ ಬಂದಾಗ ನನ್ನ ಕಾಲು ನೋಡಿ ತಡವರಿಸಿದ.

ಆಫೀಸಿನ ಕ್ಯಾಬ್ ಎಂದರೆ ಜೀಪಿನಷ್ಟು ಎತ್ತರದ ಗಾಡಿ. ಡ್ರೈವರ್ ನನ್ನ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಬೇಕು. ಒಳ್ಳೆಯವನೇ, ಪಾಪ, ಮುಖ ಆಚೆ ತಿರುಗಿಸಿಕೊಂಡು ಎತ್ತುತ್ತಿದ್ದ. ಆದರೆ ಹೊಸ ಡ್ರೈವರ್ ಬಂದ ದಿನ ನಾನು ಮೆಟ್ಟಿಲಿಗೂ ಚರಂಡಿಗೂ ನಡುವೆ ಬಿದ್ದೆ, ಕ್ಯಾಲಿಪರ್ ಬಾಗಿತು. ಮೂರ್ನಾಲ್ಕು ಸಲ ಕ್ಯಾಬ್ ನಮ್ಮ ಗಲ್ಲಿಯೊಳಗೆ ಬರಲೇ ಇಲ್ಲ. ಎಚ್‌ಆರ್ ಹುಡುಗಿ ಕರೆಸಿ, ಬಹಳ ಮೆತ್ತಗೆ, ಮನೆಯಿಂದ ಕೆಲಸ ಮಾಡುವುದಕ್ಕೆ ಪಾಲಿಸಿ ಇಲ್ಲ, ತಿಂಗಳ ಕೊನೆಯೊಳಗೆ ಹಾಜರಿ ಸರಿಹೋಗದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದಳು. ಮಾತು ಮುಗಿಯುವವರೆಗೂ ನಗುತ್ತಲೇ ಇದ್ದಳು. ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಗಾಡಿ ಎದ್ದರೆ ಕೆಲಸ, ಇಲ್ಲವಾದರೆ ಮನೆ.

ಆ ಆಫೀಸಿನಲ್ಲಿ ನನ್ನ ಕೆಲಸ, ಕಾರ್ಖಾನೆಗಳಿಗೆ ಹೋಗುವ ಪಂಪುಗಳ ಕೈಪಿಡಿ ಬರೆಯುವುದು. ಹಾಗಾಗಿ ಒಂದು ವಿಷಯ ನನಗೆ ಗೊತ್ತಿತ್ತು. ಯಾವ ಯಂತ್ರವೂ ತನ್ನ ಪುಸ್ತಕವಿಲ್ಲದೆ ಕಾರ್ಖಾನೆಯಿಂದ ಹೊರಬೀಳುವುದಿಲ್ಲ. ಕೊಂಡವನಿಗೆ ಕೊಡುವ ಪುಸ್ತಕದಲ್ಲಿ ಇರುವುದು ಬರೀ ಎಚ್ಚರಿಕೆ ಮತ್ತು 'ಡೀಲರನ್ನು ಸಂಪರ್ಕಿಸಿ' ಎಂಬ ಮಾತು. ಬಿಚ್ಚುವವನಿಗೆ ಬರೆದ ಪುಸ್ತಕ ಬೇರೆಯೇ ಇರುತ್ತದೆ. ಪ್ರತಿ ಬೋಲ್ಟನ್ನು ಎಷ್ಟು ಬಿಗಿಯಬೇಕು, ಯಾವ ಸಂದು ಎಷ್ಟಿರಬೇಕು ಎಲ್ಲ ಅದರಲ್ಲಿ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಅದರ ಪ್ರತಿ ಕೇಳಿದೆ. "ಅದು ಕಂಪನಿ ಪ್ರಾಪರ್ಟಿ ಮೇಡಂ, ಹೊರಗಡೆ ಕೊಡಲ್ಲ" ಎಂದರು. ಸ್ವಲ್ಪ ಮಾತಾಡಿಸಿದ ಮೇಲೆ ಗೊತ್ತಾಯಿತು, ಅವರ ಬಳಿಯೂ ಅದು ಇರಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಹುಡುಕಲು ಕೂತೆ. ಹಳೇ ಗಾಡಿಯ ಹುಚ್ಚಿರುವವರ ವೇದಿಕೆಗಳು ಅಲ್ಲಿ ಬೇಕಾದಷ್ಟಿವೆ. ಮೊದಲು ಸಿಕ್ಕಿದ್ದು ಅದೇ ಹೆಸರಿನ, ಬೇರೆ ಎಂಜಿನ್ನಿನ ಗಾಡಿಯದು. ಎರಡನೆಯದು ಪೂರ್ತಿ ಜಪಾನಿ ಭಾಷೆಯಲ್ಲಿ. ಮೂರನೆಯದು ಇಳಿದ ಮೇಲೆ ಪಾಸ್‌ವರ್ಡ್ ಕೇಳಿತು, ಪಾಸ್‌ವರ್ಡ್ ಗೊತ್ತಿದ್ದವನು ಆ ವೇದಿಕೆ ಬಿಟ್ಟು ವರ್ಷಗಳಾಗಿದ್ದವು. ಕೊನೆಗೆ ಸರಿಯಾದದ್ದೇ ಸಿಕ್ಕಿತು. ಕುಣಿಯುವುದೊಂದು ಬಾಕಿ. ಬ್ರೇಕು, ಎಸಿ, ಬಾಗಿಲಿನ ಚಿಲಕ, ಎಲ್ಲವೂ ಇತ್ತು. ಗೇರ್‌ಬಾಕ್ಸಿನ ಅಧ್ಯಾಯ ತೆರೆದರೆ, ಕಳಚಿ ಕೆಳಗಿಳಿಸುವವರೆಗೆ ಹೇಳಿ, ಒಳಗಿನ ಕೆಲಸಕ್ಕೆ ಪ್ರತ್ಯೇಕ ಸಂಪುಟ ನೋಡಿ ಎಂದು ಕೈತೊಳೆದುಕೊಂಡಿತ್ತು. ಅಂಥ ಸಾಲನ್ನು ಪಂಪಿನ ಕೈಪಿಡಿಗಳಲ್ಲಿ ನಾನೇ ಬೇಕಾದಷ್ಟು ಬರೆದಿದ್ದೇನೆ. ಓದುವವನ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಆವತ್ತು ತಿಳಿಯಿತು.

ಆದರೆ ಆ ಸಾಲಿನ ಕೆಳಗೆ ಪ್ರತ್ಯೇಕ ಸಂಪುಟದ ಪ್ರಕಟಣೆ ಸಂಖ್ಯೆ ಇತ್ತು. ಗಾಡಿಯ ಹೆಸರು ಹಾಕಿ ಹುಡುಕುವುದನ್ನು ಬಿಟ್ಟು ಆ ಸಂಖ್ಯೆ ಹಾಕಿ ಹುಡುಕಿದೆ. ಬೇರೊಂದು ದೇಶದಲ್ಲಿ ಅದೇ ಗಾಡಿಯನ್ನು ಟ್ಯಾಕ್ಸಿಯಾಗಿ ಓಡಿಸುವ ಒಬ್ಬನ ಹತ್ತಿರ ಆ ಪುಸ್ತಕವಿತ್ತು. ಯಾಕೆ ಬೇಕು ಎಂದು ಕೇಳಿದ, ಹೇಳಿದೆ. ದಿನಕ್ಕಷ್ಟು ಪುಟ ಸ್ಕ್ಯಾನ್ ಮಾಡಿ ಕಳಿಸಿದ. ಅಂಚಿನಲ್ಲಿ ಅವನ ಹೆಬ್ಬೆರಳೂ ಬಂದಿತ್ತು, ಉಗುರಿನ ಸಂದಿನಲ್ಲಿ ಕಪ್ಪು ಗ್ರೀಸು. ಮುಖ ನೋಡದ ಆ ಮನುಷ್ಯನನ್ನು ನಾನು ಈಗಲೂ ನೆನೆಯುತ್ತೇನೆ. ಪುಟಗಳನ್ನು ಪ್ರಿಂಟ್ ತೆಗೆಸಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದೆವು.

ಈಗ ಪುಸ್ತಕವಿತ್ತು, ಕೈಗಳು ಬೇಕಿದ್ದವು. ಅಪ್ಪ ಇದ್ದ. ಅಪ್ಪನ ಜೊತೆಗೆ ನಮ್ಮ ಬಾಡಿಗೆ ರೂಮಿನಲ್ಲಿದ್ದ ಫಿಟ್ಟರ್. ವಿಜಾಪುರದ ಕಡೆಯವನು, ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್ಸುಗಳ ರಿಪೇರಿ ಮಾಡುತ್ತಿದ್ದ. ಪುಸ್ತಕದಲ್ಲಿನ ಎಣ್ಣೆ ಹರಿಯುವ ದಾರಿಗಳ ಚಿತ್ರವನ್ನು ಬಹಳ ಹೊತ್ತು ನೋಡಿ, "ನಮ್ಮ ಪ್ರೆಸ್ಸಿನಾಗೂ ಹಿಂಗ ಇರ್ತೈತ್ರಿ ಅಕ್ಕಾರ. ಬರೇ ಸಣ್ಣದು ಮಾಡ್ಯಾರ. ನೀವು ಓದ್ರಿ, ನಾವು ಬಿಚ್ತೀವಿ" ಎಂದ. ಶಿಫ್ಟ್ ಇಲ್ಲದ ಹೊತ್ತಿನಲ್ಲೆಲ್ಲ ಬಂದ.

ಮೊದಲ ಪರೀಕ್ಷೆ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಗೇರು ಹಾಕಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಎಂಜಿನ್ ಎಷ್ಟು ವೇಗಕ್ಕೆ ಏರುತ್ತದೆ ಎಂದು ನೋಡುವುದು. ಒಂದೇ ಹಿಡಿಯಲ್ಲಿ ಬ್ರೇಕೂ ಆಕ್ಸಿಲರೇಟರೂ ಇರುವ ನನ್ನಿಂದ ಅದು ಆಗದು. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ತುಳಿದ, ನಾನು ಪಕ್ಕದಿಂದ ಓದಿದೆ. ರಿವರ್ಸಿನಲ್ಲಿ ಎಂಜಿನ್ ವೇಗದ ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತು. ಮುಂದಿನ ಗೇರಿನಲ್ಲಿ ಲಗಾಮಿಲ್ಲದೆ ಏರಿತು. ಪುಸ್ತಕದ ತೀರ್ಪು: ಒಳಗೆ ಮುಂದಕ್ಕೆ ಒಯ್ಯುವ ಕ್ಲಚ್ಚಿನ ಬಿಲ್ಲೆಗಳು ಜಾರುತ್ತಿವೆ. ಕಾಲಲ್ಲಿ ತುಳಿಯುವ ಕ್ಲಚ್ ಇಲ್ಲದಿದ್ದರೂ, ಅಂಥ ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಎಣ್ಣೆಯ ಒತ್ತಡಕ್ಕೆ ಹಿಡಿದು ಬಿಡುವ ಸಣ್ಣ ಕ್ಲಚ್ಚುಗಳು ಇರುತ್ತವೆ. ಕೆಂಪಗಿರಬೇಕಾದ ಎಣ್ಣೆ ಕಪ್ಪಗೆ, ಸೀದ ವಾಸನೆಯಲ್ಲಿ, ಪುಸ್ತಕ ಹೇಳಿದ್ದಕ್ಕಿಂತ ಕಡಿಮೆಯೇ ಇಳಿಯಿತು.

ಅಂಗಳದಲ್ಲಿ ಟೆಂಪೊ ಕಾಲದ ಗುಂಡಿ ಇತ್ತು, ಕೆಳಗೆ ನಿಂತು ಕೆಲಸ ಮಾಡಲು ಅಪ್ಪನೇ ತೋಡಿಸಿದ್ದು. ಅದರ ಮೇಲೆ ಗಾಡಿ ನಿಲ್ಲಿಸಿ, ಮರದ ದಿಮ್ಮಿಗೆ ಎಂಜಿನ್ ಕಟ್ಟಿ, ಪಕ್ಕದ ಪಿಜಿ ಕಟ್ಟಡದ ಮೇಸ್ತ್ರಿಯಿಂದ ತಂದ ಚೈನ್ ಪುಲ್ಲಿಯಲ್ಲಿ ಗೇರ್‌ಬಾಕ್ಸ್ ಇಳಿಸಿದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಹೇಳುವುದಕ್ಕೆ ಮೊದಲು ಒಂದು ಹೆಜ್ಜೆ ಪೂರ್ತಿ ಓದಿಕೊಳ್ಳುವುದು, ಆಮೇಲೆ ಒಂದೇ ಸಮನೆ, ಏರಿಳಿತವಿಲ್ಲದೆ ಹೇಳುವುದು, ಅವರು ಮಾಡಿ "ಆಯ್ತು" ಎಂದ ಮೇಲೆ ಮುಂದಿನದು. ಅಪ್ಪನಿಗೆ ಇದು ಮೊದಲು ರೇಗಿತು. "ಇದೆಲ್ಲಾ ಗೊತ್ತಿರೋದೆ ಬಿಡಮ್ಮ" ಎಂದು ಎರಡು ಹೆಜ್ಜೆ ಹಾರಿಸಿ ಒಂದು ಉಂಗುರ ಮುರಿದ. ಆಮೇಲೆ ತೆಪ್ಪಗೆ ಕೇಳತೊಡಗಿದ. ಓದುಬರಹ ತಿಳಿಯದ ಅಪ್ಪನಿಗೆ ಆ ಪುಸ್ತಕದ ಮೇಲೆ ಭಕ್ತಿಯೇ ಹುಟ್ಟಿಬಿಟ್ಟಿತು. ಕೈ ತೊಳೆಯದೆ ಮುಟ್ಟುತ್ತಿರಲಿಲ್ಲ. ಎಣ್ಣೆಯ ದಾರಿಗಳೊಳಗಿನ ಸಣ್ಣ ಸ್ಟೀಲ್ ಗುಂಡುಗಳು ಬೀಳದಂತೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು, ಗ್ರೀಸ್ ಕೂಡದು ಎಂದು ಓದಿ, ನನ್ನ ತುಟಿಗೆ ಹಚ್ಚುವ ಡಬ್ಬಿ ಕೊಟ್ಟಾಗ, "ಮಗೀಗ್ ಅಚ್ಚೋದ್ನ ಗೇರ್‌ಬಾಕ್ಸಿಗಾ?" ಎಂದು ಅವನು ನಕ್ಕಿದ್ದು ಆ ದಿನಗಳಲ್ಲಿ ನಾವು ನಕ್ಕ ಒಂದೇ ನಗು.

ಕ್ಲಚ್ಚಿನ ಬಿಲ್ಲೆಗಳು ಹೊರಬಂದವು. ಮೇಲೆ ಅಂಟಿಸಿದ್ದ ಲೈನಿಂಗ್ ಪೂರ್ತಿ ಸುಟ್ಟು ಹೋಗಿ ಬರೀ ತಗಡು ಉಳಿದಿತ್ತು, ತಗಡೂ ನೀಲಿಗಟ್ಟಿತ್ತು. ಕಾರಣ ಹುಡುಕುವ ಕೋಷ್ಟಕ ತೆಗೆದೆ. ಮೊದಲ ಸಾಲೇ 'ಎಣ್ಣೆಯ ಮಟ್ಟ ಕಡಿಮೆ' ಎಂದಿತ್ತು. ಫಿಟ್ಟರ್ ಗೇರ್‌ಬಾಕ್ಸಿನ ಮೈಯೆಲ್ಲ ಬಟ್ಟೆಯಲ್ಲಿ ಒರೆಸಿ ನೋಡಿದ. "ಎಲ್ಲೂ ಲೀಕ್ ಇಲ್ರಿ. ಸೀಲೆಲ್ಲಾ ಚಲೋ ಅದಾವ. ಹಂಗಾರ ಎಣ್ಣಿ ಎಲ್ಲಿ ಹೋತ್ರಿ?"

ಅಂಗಳದ ನೆಲದಲ್ಲೂ ಒಂದು ತೊಟ್ಟು ಬಿದ್ದ ಕಲೆ ಇರಲಿಲ್ಲ. ಉತ್ತರ ಆ ದಿನ ಸಿಗಲಿಲ್ಲ. ಮಾರನೆಯ ದಿನ, ಮುಂದೆ ಎಣ್ಣೆ ತುಂಬುವಾಗ ಬೇಕಾದೀತೆಂದು ಆ ಪುಟಗಳನ್ನು ಓದಿಟ್ಟುಕೊಳ್ಳುತ್ತಿದ್ದೆ. ಎಣ್ಣೆಯ ಮಟ್ಟ ನೋಡುವ ಕ್ರಮ: ಗಾಡಿ ಓಡಿಸಿ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಂತೆಯೇ, ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಸರಿಸಿ ಬಂದು, ಎಂಜಿನ್ ನಿಲ್ಲಿಸದೆ ಅಳತೆಕಡ್ಡಿ ತೆಗೆದು ನೋಡಬೇಕು. ಅದರ ಕೆಳಗೆ ಚೌಕದೊಳಗೆ ಒಂದು ಎಚ್ಚರಿಕೆ. ಎಂಜಿನ್ ನಿಂತಾಗ ಮೇಲಿನ ಎಣ್ಣೆ ಕೆಳಗಿಳಿದು ಮಟ್ಟ ಹೆಚ್ಚಾಗಿ ಕಾಣುತ್ತದೆ, ಅದನ್ನು ನಂಬಿ ಎಣ್ಣೆ ತೆಗೆಯಬಾರದು, ತೆಗೆದರೆ ಕ್ಲಚ್ ಸುಡುತ್ತದೆ.

ಆ ಚೌಕವನ್ನು ಮತ್ತೊಮ್ಮೆ ಓದಿದೆ. ಅಪ್ಪ ಗುಂಡಿಯೊಳಗೆ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಸುಮ್ಮನೆ ಕೇಳುವವಳಂತೆ ಕೇಳಿದೆ.

"ಅಪ್ಪ, ಗೇರ್ ಆಯಿಲ್ ದಿನಾ ಹೆಂಗೆ ನೋಡ್ತಿದ್ದೆ?"

"ಎಂಗೇನು, ಎಲ್ಲಾ ನೋಡ್ದಂಗೆ. ಬೆಳಗ್ಗೆ ಎದ್ದು, ಸ್ಟಾರ್ಟ್ ಮಾಡೋಕ್ ಮುಂಚೆ. ರಾತ್ರಿಯೆಲ್ಲಾ ಗಾಡಿ ನಿಂತು ಎಣ್ಣೆ ಕೂತಿರ್ತದಲ್ಲ, ಆಗ್ಲೇ ನೋಡ್ಬೇಕು." ಟೆಂಪೊ ಓಡಿಸಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಎಂಜಿನ್ ಆಯಿಲ್ಲಿಗೆ ಅದು ನೂರಕ್ಕೆ ನೂರು ನಿಜ. "ಆ ಸರ್ವಿಸ್‌ನೋರಿಗೆ ಬುದ್ಧಿ ಇಲ್ಲ. ಯಾವಾಗ್ ನೋಡುದ್ರೂ ಮಾರ್ಕಿಗಿಂತ ಮ್ಯಾಕೆ ತುಂಬ್ಸಿ ಕಳಿಸೋರು. ನಾನೇ ಸಣ್ಣ ಪೈಪ್ ಬಿಟ್ಟು ಎಳ್ದು, ಮಾರ್ಕಿಗೆ ತಂದಿಕ್ತಿದ್ದೆ. ಆ ಕೆಂಪೆಣ್ಣೆ ಗೇಟಿಗೆಲ್ಲಾ ಆಕಿದ್ದೀನಿ ನೋಡು, ಸದ್ದೇ ಇಲ್ಲ."

ಅವನ ದನಿಯಲ್ಲಿ ಹೆಮ್ಮೆ ಇತ್ತು. ಮಗಳ ಗಾಡಿಯನ್ನು ಕಂಪನಿಯವರಿಗಿಂತ ಚೆನ್ನಾಗಿ ನೋಡಿಕೊಂಡವನ ಹೆಮ್ಮೆ. ಪ್ರತಿ ಸರ್ವಿಸ್ಸಿನಲ್ಲಿ ಅವರು ಸರಿಯಾಗಿ ತುಂಬಿಸಿ ಕಳಿಸಿದ್ದನ್ನು ಅಪ್ಪ ತೆಗೆದಿದ್ದ. ಅರೆಹೊಟ್ಟೆಯಲ್ಲಿ ಗೇರ್‌ಬಾಕ್ಸ್ ಇಷ್ಟು ವರ್ಷ ಓಡಿದ್ದೇ ಹೆಚ್ಚು. ನನಗೆ ಅವನ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಮೇಲೆ ನಾಚಿಕೆ ಬಂತು, ಕೊನೆಗೆ ಅಳು ಬಂತು. ಪುಸ್ತಕ ಮುಚ್ಚಿ, ಕಾಫಿಗೆಂದು ಒಳಗೆ ಹೋದೆ.

ಫಿಟ್ಟರಿಗೆ ವಿಷಯ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, "ಯಜಮಾನ್ರಿಗೆ ಹೇಳಬ್ಯಾಡ್ರಿ ಅಕ್ಕಾರ. ಎದಿ ಒಡಕೋತಾರ" ಎಂದ. ಹೇಳುವ ಮಾತೇ ಇಲ್ಲ ಎಂದು ನಾನೂ ನಿಶ್ಚಯಿಸಿದೆ.

ಅಸಲಿ ಬಿಲ್ಲೆಗಳು ಇಲ್ಲಿ ಎಲ್ಲೂ ಇರಲಿಲ್ಲ. ಟ್ಯಾಕ್ಸಿಯವನು ತನ್ನ ದೇಶದಿಂದ ಕಳಿಸುತ್ತೇನೆಂದ, ಆದರೆ ಅದು ಕಸ್ಟಮ್ಸ್ ದಾಟಿ ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕೂತಿರುತ್ತಿದ್ದರು. ಪೀಣ್ಯದಲ್ಲಿ ಪ್ರೆಸ್ಸುಗಳ ಕ್ಲಚ್ಚಿಗೆ ಹೊಸ ಲೈನಿಂಗ್ ಅಂಟಿಸಿ ಕೊಡುವ ಒಂದು ಶೆಡ್ ಫಿಟ್ಟರಿಗೆ ಗೊತ್ತಿತ್ತು. ಶೆಡ್ಡಿನವನು ಬಿಲ್ಲೆ ತಿರುಗಿಸಿ ನೋಡಿ, ಒಣ ಕ್ಲಚ್ಚಾದರೆ ಗ್ಯಾರಂಟಿ ಕೊಡುತ್ತೇನೆ, ಎಣ್ಣೆಯಲ್ಲಿ ಮುಳುಗಿ ಬಿಸಿಯಲ್ಲಿ ಓಡುವುದಕ್ಕೆ ಮಾತು ಕೊಡಲಾರೆ ಎಂದನಂತೆ. ಪುಸ್ತಕವೂ ಅಸಲಿ ಭಾಗ ಮಾತ್ರ ಬಳಸಿ ಎಂದು ದಪ್ಪಕ್ಷರದಲ್ಲಿ ಹೇಳಿತ್ತು. ಅದು ಎಲ್ಲ ಕಂಪನಿಯವರೂ ಬರೆಸುವ ಮಾತು, ನಾನೂ ಪಂಪುಗಳಿಗೆ ಬರೆದಿದ್ದೇನೆ, ಹೆಚ್ಚಿನ ಸಲ ಅದು ವ್ಯಾಪಾರ. ಅಂಟಿಸಿಕೊಂಡು ಬಾ ಎಂದೆ.

ಜೋಡಿಸುವ ಕೆಲಸ ಬಿಚ್ಚುವುದಕ್ಕಿಂತ ನಿಧಾನ. ಬಿಲ್ಲೆಗಳನ್ನು ಹೊಸ ಎಣ್ಣೆಯಲ್ಲಿ ನೆನೆಹಾಕಿ, ಸ್ಪ್ರಿಂಗ್ ಒತ್ತುವ ವಿಶೇಷ ಸಾಧನದ ಬದಲು ಫಿಟ್ಟರ್ ಕಾರ್ಖಾನೆಯಲ್ಲಿ ಮಾಡಿಕೊಂಡು ಬಂದ ಪೈಪು ತಗಡಿನ ಸಾಧನ ಹಾಕಿ, ಸಂದುಗಳನ್ನು ತೆಳು ತಗಡಿನ ಗೇಜಿನಲ್ಲಿ ಅಳೆದು, ಅಳತೆ ಹೊಂದದಿದ್ದಾಗ ಮತ್ತೆ ಬಿಚ್ಚಿ. ಪಂಕ್ಚರ್ ಅಂಗಡಿಯ ಗಾಳಿಯ ಪೈಪನ್ನು ಎಣ್ಣೆಯ ರಂಧ್ರಕ್ಕೆ ಹಿಡಿದಾಗ ಕ್ಲಚ್ 'ಧಪ್' ಎಂದು ಕೂತಿತು. ಹಾಗೆ ಸದ್ದು ಬಂದರೆ ಸರಿ ಎಂದು ಪುಸ್ತಕ ಹೇಳಿತ್ತು. ಅಪ್ಪ ಮತ್ತೊಮ್ಮೆ ಗಾಳಿ ಬಿಡಿಸಿ, ಕಿವಿಯಿಟ್ಟು ಕೇಳಿದ.

ಗೇರ್‌ಬಾಕ್ಸ್ ಮೇಲೇರಿತು. ಉಳಿದದ್ದು ಎಣ್ಣೆ ತುಂಬುವುದು. ಆ ಪುಟದ ಮುಂದೆ ನಾನು ಕೂತೆ. ಹೇಳದೆ ಇರಲು ಎಷ್ಟೆಲ್ಲ ದಾರಿ ಯೋಚಿಸಿದ್ದೆ. ಫಿಟ್ಟರೇ ನೋಡುತ್ತಾನೆ ಎನ್ನಬಹುದು, ಆದರೆ ಅವನು ಯಾವತ್ತು ರೂಮು ಬಿಟ್ಟು ಹೋಗುತ್ತಾನೋ ಯಾರು ಬಲ್ಲರು. ಕಡ್ಡಿಯನ್ನೇ ತೆಗೆದಿಡಬಹುದು, ಅಪ್ಪ ಹುಡುಕುತ್ತಾನೆ. ಇನ್ನು ಮುಟ್ಟಬೇಡ ಎಂದರೆ ಯಾಕೆ ಎನ್ನುತ್ತಾನೆ. ಅವನಿಗೆ ತಿಳಿಯದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಪೈಪ್ ಬಿಟ್ಟು ಎಳೆಯುತ್ತಾನೆ, ಅಷ್ಟೆ. ಚೌಕದೊಳಗಿನ ಎಚ್ಚರಿಕೆಗಳನ್ನು ನಾನು ವರ್ಷಗಟ್ಟಲೆ ಬರೆದಿದ್ದೇನೆ. ಎಲ್ಲೋ ಒಬ್ಬ ಏನೋ ಮಾಡಿ, ಏನೋ ಆದ ಮೇಲೆಯೇ ಅಂಥ ಒಂದು ಚೌಕ ಹುಟ್ಟುವುದು. ಗಾಡಿ ಉಳಿಯಬೇಕಾದರೆ ಓದಲೇಬೇಕಿತ್ತು.

ಎಂದಿನಂತೆ ಏರಿಳಿತವಿಲ್ಲದೆ ಓದಿದೆ. ಚೌಕದೊಳಗಿನದನ್ನೂ ಓದಿದೆ.

ಅಪ್ಪ ಫನೆಲ್ ಹಿಡಿದುಕೊಂಡು ನಿಂತಿದ್ದ. "ಇನ್ನೊಂದ್ಸಲ ಓದು" ಎಂದ. ಓದಿದೆ.

"ಇಂಜಿನ್ ಓಡ್ತಿರ್ಬೇಕಾದ್ರೆ ನೋಡ್ಬೇಕಾ?"

"ಹೂಂ ಅಪ್ಪ."

"ನಿಂತಾಗ ಜಾಸ್ತಿ ತೋರಿಸ್ತದಾ?"

"ಹೂಂ."

ಫಿಟ್ಟರ್ ಗುಂಡಿಯೊಳಗಿಂದ ಮೇಲೆ ಬರಲೇ ಇಲ್ಲ. ಅಪ್ಪ ಫನೆಲ್ಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಅಂಗಾರೆ ಸರ್ವಿಸ್‌ನೋರು ಸರ್ಯಾಗೇ ಆಕ್ತಿದ್ರು" ಎಂದ. "ನಿಂಗೆ ಯಾವಾಗ್ ಗೊತ್ತಾಯ್ತು?" ಎಂದು ಕೇಳಿದ. ಬಿಲ್ಲೆ ಹೊರಗೆ ಬಂದ ಮಾರನೇ ದಿನ ಎಂದೆ. ತಲೆಯಾಡಿಸಿ, ಎಣ್ಣೆ ಸುರಿಯತೊಡಗಿದ. ಎಂಜಿನ್ ಸ್ಟಾರ್ಟ್ ಮಾಡಿಸಿ, ನನ್ನಿಂದ ಗೇರಿನ ಹಿಡಿ ಸರಿಸಿಸಿ, ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ, ನೋಡಿ, ಇನ್ನಷ್ಟು ಸುರಿದು, ಮಾರ್ಕಿಗೆ ತಂದು ನಿಲ್ಲಿಸಿದ. ಪುಸ್ತಕ ಬರೆದವನು ನೋಡಿದ್ದರೆ ಮೆಚ್ಚುತ್ತಿದ್ದ. ಗೇರು ಹಾಕಿ ಹಿಡಿ ಎಳೆದೆ, ಗಾಡಿ ಮುಂದಕ್ಕೆ ಹೋಯಿತು. ಅಗ್ರಹಾರದ ರಸ್ತೆಯಲ್ಲಿ ಒಂದು ಸುತ್ತು ಹೋಗೋಣ ಬಾ ಎಂದು ಕರೆದರೆ, ಸ್ನಾನ ಮಾಡಬೇಕು ಎಂದು ಒಳಗೆ ಹೋದ.

ತಿಂಗಳ ಕೊನೆಯೊಳಗೆ ನಾನು ಆಫೀಸಿನಲ್ಲಿದ್ದೆ. ಎಚ್‌ಆರ್ ಹುಡುಗಿ ಕೈ ಕುಲುಕಿದಳು. ನಾನು ಸಂಜೆ ಆಫೀಸಿನಿಂದ ಬಂದಾಗ, ಗಾಡಿ ಬಿಸಿಯಿರುವಾಗಲೇ, ಎಂಜಿನ್ ಆರಿಸಬೇಡ ಎಂದು ಸನ್ನೆ ಮಾಡಿ ಅಪ್ಪ ಎಣ್ಣೆ ನೋಡುತ್ತಿದ್ದ. ಮೊದಲಿನ ಗುನುಗಾಟ ಇರಲಿಲ್ಲ. ಬೇರೆ ಯಾರದೋ ಗಾಡಿ ಮುಟ್ಟುವವನಂತೆ ಮುಟ್ಟುತ್ತಿದ್ದ. ಆಯಿತಾ ಎಂದು ನನ್ನನ್ನು ಕೇಳಿಯೇ ಬಾನೆಟ್ ಇಳಿಸುತ್ತಿದ್ದ. ನನ್ನ ಗಾಡಿಯ ವಿಷಯದಲ್ಲಿ ಅಪ್ಪ ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು, ಅದು ನನಗೆ ಸಹಿಸಲಾಗುತ್ತಿರಲಿಲ್ಲ.

ಮಳೆಗಾಲ ಕಳೆಯುವಷ್ಟು ಕಾಲ ಗೇರ್‌ಬಾಕ್ಸ್ ತಡೆಯಿತು. ಆಮೇಲೆ ಸರ್ಜಾಪುರ ರಸ್ತೆಯಲ್ಲಿ ಎಂಜಿನ್ ಮತ್ತೆ ಕೂಗಿತು, ಗಾಡಿ ನಿಂತಿತು. ಎಳೆಸಿಕೊಂಡು ಬಂದು ಬಿಚ್ಚಿದರೆ, ಪೀಣ್ಯದ ಲೈನಿಂಗ್ ಹಪ್ಪಳದ ಹಾಗೆ ಕಳಚಿಕೊಂಡು, ಚೂರುಗಳು ಎಣ್ಣೆಯ ದಾರಿಗಳೊಳಗೆಲ್ಲ ಸೇರಿಕೊಂಡಿದ್ದವು. ಅಂಟು ಬಿಸಿ ಎಣ್ಣೆಗೆ ಬಿಟ್ಟುಹೋಗಿತ್ತು. ಈ ಸಲ ಬಿಲ್ಲೆಗಳು ಕೂರುವ ಡ್ರಮ್ಮೂ ಕೊರೆದುಹೋಗಿತ್ತು, ಒಳಗಿನ ಎಣ್ಣೆಯ ಪಂಪೂ ಹೋಗಿತ್ತು. ಫಿಟ್ಟರ್ ಬಿಲ್ಲೆಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, "ಇನ್ನ ಆಗೂದಿಲ್ರಿ" ಎಂದು ಕೈ ಒರೆಸಿಕೊಂಡ.

ಕೆಲಸ ಹೋಯಿತು ಎಂದು ನನಗೆ ಅಲ್ಲೇ ಅರ್ಥವಾಯಿತು. ಹಾಗೆಯೇ ಆಯಿತು ಕೂಡ. ಆದರೆ ಆ ಕ್ಷಣಕ್ಕೆ ನಾನು ನೋಡುತ್ತಿದ್ದುದು ಅಪ್ಪನನ್ನು. ಅವನು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಿಲ್ಲೆಗಳನ್ನೇ ದಿಟ್ಟಿಸುತ್ತಿದ್ದ.

"ಅಪ್ಪ, ಇದು ಎಣ್ಣೆ ಕಮ್ಮಿಯಾಗಿ ಆಗಿದ್ದಲ್ಲ. ಎಣ್ಣೆ ಸರಿಯಾಗೇ ಇತ್ತು, ನೀನೇ ದಿನಾ ನೋಡ್ತಿದ್ದೆ. ಅಂಟು ಬಿಟ್ಟಿರೋದು ಇದು. ಅಲ್ಲಿ ಅಂಟಿಸ್ಕೊಂಡು ಬಾ ಅಂತ ಹೇಳಿದ್ದು ನಾನು."

"ಒಳಗಡೆ ಮೊದ್ಲೇ ಸುಟ್ಟಿತ್ತಲ್ಲಮ್ಮ. ಸುಟ್ಟಿರೋದ್ರ ಮ್ಯಾಲೆ ಏನ್ ಕೂರಿಸಿದ್ರೂ ನಿಲ್ಲಲ್ಲ."

"ಹಂಗೇನಿಲ್ಲ ಅಪ್ಪ."

"ಪುಸ್ತಕದಾಗೆ ಏನೈತೆ ಓದು."

ಸ್ಪೈರಲ್ ಪುಸ್ತಕ ತೆಗೆದು, ಕಾರಣಗಳ ಕೋಷ್ಟಕದ ಪುಟ ತಿರುಗಿಸಿದೆ. ಅಂಟಿಸಿದ ಲೈನಿಂಗ್ ಬಗ್ಗೆ ಅದರಲ್ಲಿ ಏನೂ ಇರಲು ಸಾಧ್ಯವಿಲ್ಲ, ಅಂಥದ್ದನ್ನು ಯಾರಾದರೂ ಮಾಡುತ್ತಾರೆಂದು ಬರೆದವರಿಗೆ ಕನಸೂ ಬಿದ್ದಿರಲಿಕ್ಕಿಲ್ಲ. ಕ್ಲಚ್ ಜಾರಲು ಕಾರಣ ಎಂಬ ಕಡೆ ಬೆರಳಿಟ್ಟು, ನನ್ನ ಎಂದಿನ ಧಾಟಿಯಲ್ಲಿ ಓದತೊಡಗಿದೆ. ಬೇರೆ ಕಡೆ ಅಂಟಿಸಿದ ಬಿಲ್ಲೆಗಳನ್ನು ಹಾಕಿದ್ದಲ್ಲಿ ಬಿಸಿ ಎಣ್ಣೆಗೆ ಅಂಟು ಬಿಡುತ್ತದೆ. ಹಾಗಾದಾಗ ಮೊದಲಿನ ಸುಡುವಿಕೆಗೂ ಇದಕ್ಕೂ ಸಂಬಂಧವಿರುವುದಿಲ್ಲ. ಅದುವರೆಗೆ ಗಾಡಿ ನೋಡಿಕೊಂಡವರ ತಪ್ಪು ಇದರಲ್ಲಿ ಏನೂ ಇಲ್ಲ.

ಕೈಪಿಡಿ ಬರೆಯುವ ಕೆಲಸದಲ್ಲಿ ನಾನು ಎಂದೂ ಇಲ್ಲದ ಸಾಲು ಸೇರಿಸಿದವಳಲ್ಲ, ಆವತ್ತು ಸೇರಿಸಿದೆ. ದನಿ ನಡುಗದಂತೆ ನೋಡಿಕೊಂಡೆ ಎಂದೇ ಅಂದುಕೊಂಡಿದ್ದೆ.

ಅಪ್ಪ ಪುಟದ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ.

"ಪುಸ್ತಕ ಬರ್ದೋರಿಗೆ ನಾನ್ ಯಾರು ಅಂತ ಎಂಗಮ್ಮ ಗೊತ್ತು?" ಎಂದ. "ಬರ್ದಿರೋದ್ ಓದು."

ಮೊದಲ ಸಾಲು ಓದಿದೆ: ಎಣ್ಣೆಯ ಮಟ್ಟ ಕಡಿಮೆ.